ಗೇಣುದ್ದದ ಅಲೆ

ಬಳ್ಳಾರಿ
೧೨ ಫೆಬ್ರವರಿ ೧೯೫೨

ಪ್ರೀತಿಯ ಖೈರುನ್ನೀಸಾಗೆ,

ನಿನ್ನ ಕಾಗದ ಬಂದು ಎಷ್ಟು ದಿನ ಆತೋ. ಸಿರುಗುಪ್ಪದಾಗ ಕುಂತು ನನ್ನ ಬೈಕೊಂಡಿರ್ತಿ. ಬೈಕೋ, ತಪ್ಪಿಲ್ಲ. ಡಾಕ್ಟರು ಬರಿಯಾಕ ಬಿಟ್ಟಿರಲಿಲ್ಲ; ಜ್ವರ ಇಳಿದೈತಿ ಅಂತ ಇವತ್ತು ಪೆನ್ನು ಕೊಟ್ಟಾರ.

ಹೌದು, ನಾ ಹಾಲೆಂಡಿಗೆ ಹೋಗಲಿಲ್ಲ. ಇಲ್ಲೇ ಕ್ಷಯದ ಆಸ್ಪತ್ರಿಯಾಗ ಅದೀನಿ.

ನಮ್ಮ ಮದ್ರಾಸಿನ ಪ್ರೊಫೆಸರು ಅಲ್ಲಿ ನನಗೊಂದು ಜಾಗ ಗೊತ್ತು ಮಾಡಿದ್ದು ನಿನಗ ತಿಳಿದೇ ಐತಿ. ಆಕಾಶದ ಚುಕ್ಕಿಗಳ ನಡುವಿನ ತಣ್ಣನೆ ಜಲಜನಕದ ಗಾಳಿ ಗೇಣುದ್ದದ ರೇಡಿಯೋ ಅಲೆ ಕಳಿಸ್ತೈತಿ ಅಂತ ಓದಿದ್ವಲ್ಲ, ಅದನ್ನ ಹೋದ ವರ್ಷ ಹಿಡಿದಾರ. ಆ ಕೆಲಸಕ್ಕೇ ಕರೆದಿದ್ರು. ನಮ್ಮೂರು ಕುರುಗೋಡಿಗೆ ಬಂದು ಅಪ್ಪಗ ಹೇಳಿದೆ.

"ಅಷ್ಟು ದೂರ ಹೋಗಿ ಗಾಳಿ ಅಳೀತಿಯೇನವ್ವ?" ಅಂದ.

"ಹೂಂ ಅಪ್ಪ. ಆ ಗಾಳೀನೇ ಒಟ್ಟಾಗಿ ಚುಕ್ಕಿ ಆಗ್ತೈತಿ. ಚುಕ್ಕಿ ಸತ್ತಾಗ ಒಂದಿಷ್ಟು ವಾಪಸು ಬರ್ತೈತಿ, ಎಲ್ಲಾ ಅಲ್ಲ. ಕೆಲವು ಗೆಲಾಕ್ಸಿಯಾಗ ಗಾಳಿ ಮುಗಿಯಾಕ ಬಂದು ಹೊಸ ಚುಕ್ಕಿ ಹುಟ್ಟವಲ್ವು. ಮೊದಲು ಎಷ್ಟಿತ್ತು ಅಂತ ನೋಡಬೇಕು."

"ಮೊದಲಿಂದು ಈಗ ಹೆಂಗ ನೋಡ್ತಿ?"

"ಭಾಳ ದೂರದಿಂದ ಬರೋ ಅಲೆ ಭಾಳ ಹಿಂದೇ ಹೊಂಟಿರ್ತೈತಿ. ದೂರ ನೋಡಿದಷ್ಟೂ ಹಳೇದು ಕಾಣ್ತೈತಿ. ಸದ್ಯ ನಮ್ಮ ಆಕಾಶಗಂಗೆದು ಮಾತ್ರ ಕೇಳ್ತೈತಿ. ದೂರದ್ದು ಕೇಳಾಕ ನನ್ನ ಆಯುಷ್ಯ ಸಾಲದು."

ಅಪ್ಪ, "ಅಲ್ಲಿ ಚಳಿ ಭಾಳಂತ" ಅಂದ. ಮರುದಿನ ಉಣ್ಣಿ ಕೋಟು ಹೊಲಿಯಾಕ ಹಾಕಿದ.

ಹಡಗು ಹತ್ತಾಕ ಮೊದಲು ಎಕ್ಸ್‌ರೇ ಆಗಬೇಕಿತ್ತು. ಡಾಕ್ಟರು ಫಿಲ್ಮು ಕಿಟಕಿಗೆ ಹಿಡಿದು, "ಎಡಕ್ಕ ನೋಡಮ್ಮ" ಅಂದ್ರು. ಮಬ್ಬು ಕಲೆ. ಅಪ್ಪ, "ಒರೆಸಿದ್ರ ಹೋಗ್ತೈತೇನ್ರಿ?" ಅಂದ. ಡಾಕ್ಟರು ನಗಲಿಲ್ಲ. ಹಡಗು ಬೊಂಬಾಯಿ ಬಿಟ್ಟ ದಿನ ನಾ ಇಲ್ಲಿ ಗೋಡಿ ಕಡೆ ಮುಖ ಮಾಡಿ ಮಲಗಿದ್ದೆ.

ಆ ಜಾಗ ಇನ್ನೂ ಖಾಲಿ ಐತಿ. ಪ್ರೊಫೆಸರು ಇನ್ನೊಬ್ಬರ ಹೆಸರು ಕೇಳಿದ್ರು, ಇವತ್ತು ಪೆನ್ನು ಸಿಕ್ಕ ಕೂಡ್ಲೇ ನಿನ್ನದು ಬರೆದೆ. ಕೆಮ್ಮಿ ಕೆಮ್ಮಿ ನೀ ಹಾಸ್ಟೆಲಿನಾಗ ಮಲಗಿದ್ದ ಮಳಿಗಾಲ, ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಲೆಕ್ಕ ಬಿಡಿಸಿದ್ದಿ, ನೆನಪೈತೇನು? ಈಗ ನಿನ್ನ ಎಕ್ಸ್‌ರೇ ಸ್ವಚ್ಛ ಬಂತು ಅಂತ ಬರೆದಿದ್ದಿ. ನಿಮ್ಮ ಅಬ್ಬಾ ಶಾಮೀದಸಾಬರು ಬ್ಯಾಡ ಅಂದ್ರ ನಮ್ಮಪ್ಪನ್ನ ಕಳಿಸ್ತೀನಿ, ಕೋಟಿನ ಸಮೇತ. ಅದು ನಿನಗ ಅಳತಿಗೆ ಸರಿಯಾಗ್ತೈತಿ.

ಅವ್ವ ಆಶೀರ್ವಾದ ಹೇಳ್ಯಾಳ. ಹಡಗಿನಾಗ ಹಸಕೊಂಡು ಇರಬ್ಯಾಡಂತ.

ನಿನ್ನ
ಪಾರಮ್ಮ

ತಾ.ಕ.: "ನಿನ್ನ ಜತಿಗಿದ್ದವರಾಗ ಯಾರಿಗಾದ್ರೂ ಈ ಜಡ್ಡಿತ್ತೇನು?" ಅಂತ ಡಾಕ್ಟರು ಕೇಳಿದ್ರು. ಅಪ್ಪ ಬಾಜೂಕೇ ನಿಂತಿದ್ದ. "ಯಾರಿಗೂ ಇಲ್ರಿ" ಅಂದೆ. ಅಪ್ಪ ಕೇಳಿದ್ರ ನೀನೂ ಹಂಗೇ ಅನ್ನು. ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂತ ಬರಿಯಾಕ ಹೋಗಿ ಹೊಡೆದು ಹಾಕಿದೆ, ಖೈರು. ಕೆಲವು ದಿನ ಭಾಳ ಸಿಟ್ಟು ಬರ್ತೈತಿ. ಅದು ಇಳಿಯೋ ತನಕ ಕಾಯಬ್ಯಾಡ. ಹೋಗು.