ಒಳಗಿನ ಲೂಪು

12-8-2002, ಸೋಮವಾರ
ಅರಸೀಕೆರೆಯಲ್ಲಿ ಮತ್ತೆ ಕರೆಂಟ್ ಇಲ್ಲ. ಸಂಜೆ ಬ್ಯಾಚಿಗೆ ಬೋರ್ಡಿನ ಮೇಲೆಯೇ ಪಾಠ. ತಿದ್ದಿದ ಟೆಸ್ಟ್ ಪೇಪರ್ ವಾಪಸ್ ಕೊಟ್ಟೆ. ಮೊದಲ ಸ್ಥಾನ ಪಡೆದವರಿಗೆ ನಮ್ಮ ಕಂಪ್ಯೂಟರ್ ಸೆಂಟರಿನಲ್ಲೇ ಲ್ಯಾಬ್ ಅಸಿಸ್ಟೆಂಟ್ ಕೆಲಸ. ಸುಷ್ಮಿತಾಗೆ ಸಿಕ್ಕಿತು. ಮಾದಿಹಳ್ಳಿಯಿಂದ ಬರುವ ಕೋಮಲ ಎರಡೇ ಅಂಕ ಹಿಂದೆ. ಎದ್ದು ನಿಂತಳು.

"ಸಾರ್, ಏಳನೇದು ಸರಿ ಐತೆ. ಎನ್ ಸ್ಕ್ವೇರ್ ಅಲ್ಲ, ಎನ್ ಲಾಗ್ ಎನ್."

ಪ್ರೋಗ್ರಾಮಿನ ಒಂದು ಸಾಲು ಒಟ್ಟು ಎಷ್ಟು ಸಲ ಓಡುತ್ತದೆ ಎಂಬುದು ಏಳನೆಯ ಪ್ರಶ್ನೆ; ಅದಕ್ಕೆ ನಾಲ್ಕು ಅಂಕ.

"ಲೂಪಿನೊಳಗೆ ಲೂಪು. ಎರಡೂ ಎನ್ ಸಲ ಸುತ್ತುತ್ತವೆ, ಎನ್ ಇಂಟು ಎನ್. ಕೂತ್ಕೋಮ್ಮ."

"ಒಳಗಿನದು ಎಷ್ಟು ಸಲ ಓಡ್ತೈತೆ ನೋಡಿ ಸಾರ್..."

"ಪಾಠ ನೀನು ಮಾಡ್ತೀಯಾ?"

ಎಲ್ಲರೂ ನಕ್ಕರು. ಬ್ಯಾಗ್ ಎತ್ತಿಕೊಂಡು ಹೋದಳು.

19-8
ಕೋಮಲ ಒಂದು ವಾರದಿಂದ ಬಂದಿಲ್ಲ.

20-8, ಮಧ್ಯಾಹ್ನ 3
ಲ್ಯಾಬ್ ಖಾಲಿ. ಏಳನೇ ಪ್ರಶ್ನೆ ಟೈಪ್ ಮಾಡಿದೆ. ಒಳಗೆ ಸುತ್ತು ಎಣಿಸಲು ಒಂದು ಕೌಂಟರ್. ಎನ್ 1024 ಕೊಟ್ಟೆ. ನನ್ನ ಪ್ರಕಾರ ಹತ್ತು ಲಕ್ಷ ದಾಟಬೇಕು. ಬಂದದ್ದು 10240.

ಒಳಗಿನ ಲೂಪಿನಲ್ಲಿ ಜೆ ಎಂಬ ಸಂಖ್ಯೆ ಒಂದೊಂದೇ ಏರುವುದಿಲ್ಲ. ಪ್ರತಿ ಸಲ ಎರಡರಷ್ಟಾಗುತ್ತದೆ — ಒಂದು, ಎರಡು, ನಾಲ್ಕು, ಎಂಟು... ಹತ್ತೇ ಸುತ್ತಿಗೆ ಮುಗಿಯಿತು. ಪ್ರಶ್ನೆ ಬರೆದವನು ನಾನೇ.

ಸೆಂಟರಿನ ಮಾಲೀಕ ಮರುಳಪ್ಪನವರಿಗೆ ಹೇಳಿದೆ.

"ಸುಷ್ಮಿತಾ ಸೇರಿ ಆಯ್ತಲ್ರೀ ಬಸವಕುಮಾರ್. ಬಿಡಿ ಅತ್ಲಾಗೆ."

ಬಿಟ್ಟೆ.

25-8, ಭಾನುವಾರ
ಬಿಡಲಾಗಲಿಲ್ಲ. ಮಾದಿಹಳ್ಳಿಗೆ ಹೋದೆ. ಕೋಮಲ ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ರಸ್ತೆಯಲ್ಲೇ ಹೇಳಿದೆ — ನಿನ್ನ ಉತ್ತರ ಸರಿ, ತಪ್ಪು ನನ್ನದು.

"ಗೊತ್ತಿತ್ತು ಸಾರ್." ಕ್ಯಾನು ಕೆಳಗಿಟ್ಟಳು. "ನಗಿಸಿದ್ದು ಕ್ಲಾಸಲ್ಲಿ. ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ಸತೈತೆ?"

ಬಸ್ ಬಂತು.

26-8
ಕ್ಲಾಸಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ತಿದ್ದಿದ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮೊದಲ ಹೆಸರು ಕೋಮಲ. ಸುಷ್ಮಿತಾ ಓದಿ ತಲೆ ತಗ್ಗಿಸಿದಳು. ಅವಳದೇನೂ ತಪ್ಪಿಲ್ಲ.

ಮರುಳಪ್ಪ ಬಂದರು. "ಆ ಹಾಳೆ ಕೀಳ್ರೀ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಕೀಳಲಿಲ್ಲ.

29-8, ಬೆಳಿಗ್ಗೆ 9
ಮೂರನೇ ದಿನ ಮನೆಯಲ್ಲಿ. ಬಾಗಿಲು ಬಡಿದ ಸದ್ದು. ಕೋಮಲ. ಅವಳ ಹಿಂದೆ ಸುಷ್ಮಿತಾ.

"ಅಂಕಪಟ್ಟಿ ವಿಷ್ಯ ಕೇಳಿ ಇವಳು ಬಸ್ ಸ್ಟ್ಯಾಂಡಲ್ಲಿ ನಿಮ್ಮನೆ ಕೇಳ್ತಿದ್ಲು ಸಾರ್, ಕರ್ಕೊಂಡ್ ಬಂದೆ," ಅಂದಳು ಸುಷ್ಮಿತಾ.

"ಆ ಕೆಲಸ?" ಕೇಳಿದೆ.

"ಇನ್ನೂ ನಂಗೇ ಇದೆ. ಹತ್ತಕ್ಕೆ ಹೋಗ್ಬೇಕು. ಅಷ್ಟ್ರೊಳಗೆ ಆ ಏಳನೇದು ನಂಗೂ ಹೇಳ್ಕೊಡಿ."

ಕೋಮಲ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಇಬ್ಬರೂ ಕಾಫಿ ಕುಡಿಯುತ್ತಿದ್ದಾರೆ. ಬರೆದು ತೋರಿಸಲು ಮನೆಯಲ್ಲಿ ಒಂದು ಬಿಳಿ ಹಾಳೆ ಇಲ್ಲ. ಈ ಡೈರಿಯದೇ ಒಂದು ಹಾಳೆ ಹರಿಯುತ್ತಿದ್ದೇನೆ.