ಹುಳಿಯಲ್ಲಿ ಬೆರೆಸಿದ್ದು

4-10-2018, ಬೆಳಿಗ್ಗೆ 8
ಹುಳಿಗೆ ಹತ್ತು ಹನಿ. ರುಚಿಯಿಲ್ಲ, ಬಣ್ಣವಿಲ್ಲ. ಕಾಶಿ ಎರಡನೇ ಸಲ ಬಡಿಸಿಕೊಂಡ. ತಮ್ಮನಿಗೆ ಹೀಗೆ ಕದ್ದುಮುಚ್ಚಿ ಔಷಧಿ ಹಾಕಲು ಶುರುಮಾಡಿ ಮೂರು ವರ್ಷ. ಒಳಗೆ ಯಾರೋ ಮಾತಾಡುತ್ತಾರೆಂದು ಗೋಡೆ ಒಡೆಯುತ್ತಿದ್ದವನು ಈಗ ಗೆಳೆಯ ಮುಜಫ್ಫರ್‌ನ ಅಂಗಡಿಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾನೆ. ಕಾಯಿಲೆ ತಾನಾಗಿ ಹೋಯಿತು ಎಂದುಕೊಂಡಿದ್ದಾನೆ. ಪಾಪ.

11-10
ಔಷಧಿ ಚೀಟಿಗೆಂದು ಆಸ್ಪತ್ರೆಗೆ ಒಬ್ಬಳೇ ಹೋಗಿದ್ದೆ. ಹಳೆಯ ಡಾಕ್ಟರ್ ಬರೆದುಕೊಡುತ್ತಿದ್ದರು. ಹೊಸ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.
“ಈಗ ಹೊಸ ಕಾನೂನಿದೆ ಕಣ್ರೀ. ಅವರನ್ನೇ ಕೇಳ್ಬೇಕು. ಹುಷಾರಾಗಿದಾರಲ್ಲ, ಕರ್ಕೊಂಡ್ ಬನ್ನಿ, ಹೇಳೋಣ.”
ಹೇಳಿದರೆ ಔಷಧಿ ಬಿಡುತ್ತಾನೆ ಎಂದೆ.
“ಹೇಳ್ದೆ ಇನ್ನೆಷ್ಟು ವರ್ಷ ಹಾಕ್ತೀರಾ?”
ಮೈಯೆಲ್ಲ ಉರಿಯಿತು. ಕಾನೂನು ಬರೆದವರು ಒಂದು ವಾರ ನಮ್ಮ ಮನೆಯಲ್ಲಿರಬೇಕಿತ್ತು.

20-10
ಚೀಟಿಯಿಲ್ಲದೆ ಹನಿ ಸಿಗದು. ಕಾಶಿಯನ್ನು ಕರೆದುಕೊಂಡು ಹೋಗಿ ಡಾಕ್ಟರಮ್ಮನ ಎದುರಿಗೇ ಹೇಳಿದೆ. ಕಾಶಿ ಕೂಗಾಡಲಿಲ್ಲ.
“ನಿನ್ನೆ ಹಬ್ಬದ ಒಬ್ಬಟ್ಟಿನ ಸಾರಿಗೂ ಹಾಕಿದ್ಯಾ ಅಕ್ಕಾ?”
ಹೂಂ ಎಂದೆ.
ಬಿಳಿ ಹಾಳೆ ಕೇಳಿ ಬರೆದುಕೊಟ್ಟ — ತನಗೆ ಮತ್ತೆ ಕಾಯಿಲೆಯಾದರೆ ಆಸ್ಪತ್ರೆಗೆ ಸೇರಿಸಲು ಮುಜಫ್ಫರ್ ಸಹಿ ಹಾಕಬೇಕು, ಅಕ್ಕ ಬೇಡ. ಅಕ್ಷರ ಎಷ್ಟು ದುಂಡಗಿತ್ತು.

2-12
ಔಷಧಿ ನಿಂತಿದೆ. ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಹೋಟೆಲಿನ ಇಡ್ಲಿ.

14-1-2019
ಗೋಡೆ ಮತ್ತೆ ಮಾತಾಡುತ್ತಿದೆ. ನಾಲ್ಕು ದಿನದಿಂದ ಹೋಟೆಲ್ ಊಟವೂ ಇಲ್ಲ. ಆರ್.ಟಿ. ನಗರದ ಎಲ್ಲ ಹೋಟೆಲಿಗೂ ನಾನು ಹನಿ ಕಳಿಸಿದ್ದೇನಂತೆ. ಈ ಭಯವನ್ನು ಅವನಿಗೆ ಕೊಟ್ಟವಳು ನಾನೇ...
ಆಸ್ಪತ್ರೆಗೆ ಓಡಿದೆ. ನನ್ನ ಸಹಿ ನಡೆಯುವುದಿಲ್ಲ. ಮುಜಫ್ಫರ್‌ನನ್ನು ಬೇಡಿಕೊಂಡೆ.
“ಸಹಿ ಹಾಕ್ತೀನಿ ಅಕ್ಕಾ. ಆದ್ರೆ ಮೊದ್ಲು ಅವನ್ನ ಒಪ್ಪಿಸ್ತೀನಿ. ಸುಳ್ಳು ಹೇಳಿ ಆಟೋ ಹತ್ಸಲ್ಲ, ಮಾತು ಕೊಟ್ಟಿದೀನಿ.”
ಅಷ್ಟರಲ್ಲಿ ಜೀವ ಹೋದರೆ? ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ.

15-1
ಬೆಳಗಿನಿಂದ ಮುಜಫ್ಫರ್ ಅವನ ಪಕ್ಕ ನೆಲದ ಮೇಲೆ ಕೂತಿದ್ದ. ಸಂಜೆ ಐದಕ್ಕೆ ಕಾಶಿ ತಾನೇ ಚಪ್ಪಲಿ ಮೆಟ್ಟಿದ. ಆಸ್ಪತ್ರೆಯಲ್ಲಿ ಸಹಿಯೂ ತಾನೇ ಹಾಕಿದನಂತೆ.
ಕೇಳಿದ್ದರೆ ಒಪ್ಪುತ್ತಿದ್ದನೇನೋ. ಮೂರು ವರ್ಷದಲ್ಲಿ ನಾನು ಒಂದು ಸಲವೂ ಕೇಳಲಿಲ್ಲ. ಭಯವಾಗಿತ್ತು.

9-2
ಚೇತರಿಸಿಕೊಂಡಿದ್ದಾನೆ. ಮಾತ್ರೆಯ ಹೆಸರು ಕೇಳಿ ತಿಳಿದುಕೊಂಡು ನುಂಗುತ್ತಾನಂತೆ. ಡಿಸ್ಚಾರ್ಜ್ ಆದ ಮೇಲೆ ಮುಜಫ್ಫರ್ ಅಂಗಡಿಯ ಮೇಲಿನ ರೂಮು. ಮನೆಗಲ್ಲ.
ವಾರ್ಡಿನ ಬಾಗಿಲಲ್ಲಿ ನಿಂತೆ. ಯಾರನ್ನು ನೋಡಬೇಕು, ಯಾರನ್ನು ಬೇಡ ಎನ್ನುವುದೂ ಅವನ ಹಕ್ಕು. ನರ್ಸ್ ಕೇಳಲು ಒಳಗೆ ಹೋದಳು. ಅವನ ದನಿ ಕೇಳಿಸಿತು. ನನ್ನ ಹಳೇ ಕಾಶಿಯ ದನಿ.
“ಬೇಡ ಸಿಸ್ಟರ್. ಅಕ್ಕ ಊಟ ಮಾಡಿದ್ಲಾ ಕೇಳಿ.”
ನರ್ಸ್ ಹೊರಗೆ ಬಂದು ಕೇಳಿದಳು. ಬೆಳಗಿನಿಂದ ಒಂದು ಲೋಟ ಕಾಫಿಯೂ ಇಳಿದಿರಲಿಲ್ಲ. ಆಯ್ತು ಅಂತ ಹೇಳಿ ಎಂದೆ.
ಬಸ್ ಸ್ಟಾಪಿಗೆ ಬಂದ ಮೇಲೆ ಹೊಳೆಯಿತು. ಮತ್ತೆ ಅವನಿಗೆ ಸುಳ್ಳು —