ಬ್ರೇಕ್ ದಿನ ಹೆತ್ತವಳ ಪರವಾಗಿ

ಒಪ್ಪಂದದ ಆದೇಶಗಳಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಗುತ್ತಿಗೆ ನರ್ಸ್ ಜಗದೇವಿಗೆ ಹೆರಿಗೆ ರಜೆ ಕೊಡಲಾಗದು ಎಂದು ನಿಮ್ಮ ಕಚೇರಿಯಿಂದ ಪತ್ರ ಬಂದಿದೆ. "ಸದರಿಯವರು ಹೆರಿಗೆಯಾದ ದಿನಾಂಕದಂದು ಸೇವೆಯಲ್ಲಿ ಇಲ್ಲದಿರುವುದರಿಂದ ರಜೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ" ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಬರುವ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಅವಳು ಕೆಲಸಕ್ಕೆ ಹಾಜರಾಗದಿದ್ದರೆ ಪಟ್ಟಿಯಲ್ಲಿರುವ ಮುಂದಿನವರನ್ನು ತೆಗೆದುಕೊಳ್ಳುವುದಾಗಿಯೂ ಬರೆದಿದ್ದೀರಿ. ಸೋಮವಾರಕ್ಕೆ ಅವಳ ಮಗುವಿಗೆ ಇಪ್ಪತ್ತು ದಿನ. ನಾನು ಆ ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿ. ಮೂವತ್ತೊಂದು ವರ್ಷದಲ್ಲಿ ಸಾವಿರಾರು ಮಕ್ಕಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ. ಕಚೇರಿಯ ಕ್ಯಾಲೆಂಡರ್ ನೋಡಿಕೊಂಡು ಹುಟ್ಟಿದ ಮಗುವನ್ನು ಮಾತ್ರ ಕಂಡಿಲ್ಲ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೆ ನಮ್ಮ 'ಬ್ರೇಕ್' ಎಂಬ ಸಂಪ್ರದಾಯ ಗೊತ್ತಿರಲಿಕ್ಕಿಲ್ಲ. ಗುತ್ತಿಗೆಯವರ ಆದೇಶ ಪ್ರತಿ ಮಾರ್ಚ್ ಮೂವತ್ತಕ್ಕೆ ಮುಗಿಯುತ್ತದೆ. ಏಪ್ರಿಲ್ ಒಂದಕ್ಕೆ ಹೊಸ ಆದೇಶ. ನಡುವಿನ ಮೂವತ್ತೊಂದನೇ ತಾರೀಖು ಅವರು ಯಾರೂ ಅಲ್ಲ. ಸತತವಾಗಿ ದುಡಿದೆವೆಂದು ನಾಳೆ ಯಾರೂ ಹಕ್ಕು ಕೇಳಬಾರದಲ್ಲ, ಅದಕ್ಕೇ ಈ ಜಾಣತನ. ಆದರೆ ಆ ದಿನ ಹೆರಿಗೆ ನೋವು ರಜೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಹುಡುಗಿಯರು ಸಮವಸ್ತ್ರ ಮನೆಯಲ್ಲಿ ಬಿಟ್ಟು, ಮನೆ ಸೀರೆಯಲ್ಲೇ ಬಂದು, ಹಾಜರಿ ಪುಸ್ತಕ ಮುಟ್ಟದೆ ಕೆಲಸ ಮಾಡಿ ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿಲ್ಲದಂತೆ ಇರುವುದೂ ಸಂಪ್ರದಾಯವೇ.

ಜಗದೇವಿಗೆ ಇದು ಆರನೆಯ ಬ್ರೇಕ್. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಅವತ್ತು ಬೆಳಿಗ್ಗೆ ಹೆರಿಗೆ ನೋವು ಬಂದ ಮೂವರು ಒಟ್ಟಿಗೆ ಬಂದರು. ಜೊತೆಗಿರಬೇಕಾದ ಕಾಯಂ ನರ್ಸನ್ನು ನೀವು ತರಬೇತಿಗೆ ಕರೆಸಿಕೊಂಡಿದ್ದಿರಿ. ನಾನೇ ಫೋನು ಮಾಡಿದೆ.

"ಜಗದೇವಿ, ಎರಡು ತಾಸು ಬಂದು ಹೋಗ್ತೀಯೇನವ್ವಾ?"

"ಇವತ್ತ ನಾ ನಿಮ್ಮ ನರ್ಸ್ ಅಲ್ರಿ ಅಕ್ಕೋರೆ, ಹಾದಿ ಮ್ಯಾಲಿನಾಕಿ," ಎಂದು ನಕ್ಕಳು. "ಬಂದೆ ತಡೀರಿ."

ತುಂಬಿದ ಹೊಟ್ಟೆ ಹೊತ್ತು ಬಂದವಳು ಮಧ್ಯಾಹ್ನದೊಳಗೆ ಎರಡು ಹೆರಿಗೆ ಮಾಡಿಸಿದಳು. ಎರಡನೆಯ ಮಗು ಅಳಲಿಲ್ಲ. ನಾನು ಮೂರನೆಯವಳ ಬಳಿ ಇದ್ದೆ. ಜಗದೇವಿ ಅದರ ಬಾಯಿ ಮೂಗು ಶುಚಿ ಮಾಡಿ, ಬೆನ್ನು ಉಜ್ಜಿ, "ಅಳಪಾ ದೊರಿ, ಅಳು" ಎನ್ನುತ್ತಲೇ ಇದ್ದಳು, ಕಡೆಗೆ ಅತ್ತಿತು. ಹೆರಿಗೆ ಪುಸ್ತಕದಲ್ಲಿ 'ಹೆರಿಗೆ ಮಾಡಿಸಿದವರು' ಎಂಬಲ್ಲಿ ತನ್ನ ಹೆಸರು ಬರೆಯುತ್ತಿದ್ದಾಗ ಅವಳದೇ ನೀರು ಹೋಯಿತು. ಸಂಜೆ ನಾಲ್ಕಕ್ಕೆ ಅದೇ ಪುಟದಲ್ಲಿ ಅವಳ ಮಗಳನ್ನು ನಾನು ಬರೆದುಕೊಂಡೆ. ಮೂರನೆಯವಳದೂ ಸೇರಿ ನಾಲ್ಕು ಕೂಸು, ಒಂದೇ ಪುಟ.

ಮರುದಿನ ಹೊಸ ಆದೇಶಕ್ಕೆ ಸಹಿ ಹಾಕಬೇಕಿತ್ತು. ಆ ಕಾಗದವನ್ನು ಮಂಚದ ಹತ್ತಿರ ಒಯ್ಯುತ್ತೇನೆ, ಕೊಡಿ ಎಂದು ನಮ್ಮ ಆಸ್ಪತ್ರೆಯ ಗುಮಾಸ್ತರನ್ನು ಕೇಳಿದೆ.

"ಖುದ್ದು ಬರ್ಬೇಕ್ರಿ ಅಕ್ಕೋರೆ. ನಿಯಮ ನಾ ಮಾಡೀನೇನ್ರಿ?"

"ಹೊಲಿಗೆ ಹಾಕ್ಯಾರಪ್ಪಾ ಆಕಿಗೆ. ಮ್ಯಾಲಿನ ವಾರ್ಡಿನಾಗ ಮಲಗ್ಯಾಳ. ಮೆಟ್ಟಲ ಹತ್ತಿ ನೀನ ಬಾ."

ಬರಲಿಲ್ಲ. ಜಗದೇವಿ ನನ್ನ ಹೆಗಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ ಗುಮಾಸ್ತರು, "ಬಾಣಂತಿ ಹ್ಯಾಂಗ ಡ್ಯೂಟಿಗೆ ಸೇರ್ತಾಳ್ರಿ? ಫಿಟ್‌ನೆಸ್ ಸರ್ಟಿಫಿಕೇಟ್ ತರ್ರಿ," ಎಂದು ಆದೇಶವನ್ನು ಮತ್ತೆ ಕಡತದೊಳಗೆ ಇಟ್ಟರು. ಹಾಜರಾಗದಿದ್ದರೆ ಕೆಲಸವಿಲ್ಲ, ಹೆತ್ತದ್ದರಿಂದ ಹಾಜರಾಗುವಂತಿಲ್ಲ, ಕೆಲಸದಲ್ಲಿ ಇಲ್ಲದ್ದರಿಂದ ರಜೆಯಿಲ್ಲ. ಇಂಥ ಬಲೆ ಹೆಣೆಯಲು ಎಷ್ಟು ಜನ ಕೂತಿದ್ದಿರಿ ಮಾನ್ಯರೇ?

ಕಾನೂನನ್ನು ನಿಮಗೆ ನಾನು ಹೇಳಬೇಕೇ? ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ದುಡಿದವಳಿಗೆ ಇಪ್ಪತ್ತಾರು ವಾರದ ರಜೆ. ಹೆತ್ತ ಆರು ವಾರದೊಳಗೆ ಅವಳನ್ನು ಕೆಲಸಕ್ಕೆ ಹಚ್ಚುವುದೇ ತಪ್ಪು. ಕಾಯಂ ಆದವಳ ಬಸಿರು, ಗುತ್ತಿಗೆಯವಳ ಬಸಿರು ಎಂದು ಅದು ಭೇದ ಮಾಡುವುದಿಲ್ಲ. ಈಗ ಒಂದು ನಿರ್ಧರಿಸಿ. ಜಗದೇವಿ ಅವತ್ತು ಸೇವೆಯಲ್ಲಿ ಇರಲಿಲ್ಲವಾದರೆ, ಆ ಎರಡು ಹೆರಿಗೆಗಳನ್ನು ಹೊರಗಿನವಳೊಬ್ಬಳು ಸರ್ಕಾರಿ ಆಸ್ಪತ್ರೆಗೆ ನುಗ್ಗಿ ಮಾಡಿಸಿದಳು ಎಂದಾಯಿತು. ಅವಳನ್ನು ಒಳಗೆ ಬಿಟ್ಟ ನನ್ನನ್ನು ಅಮಾನತು ಮಾಡಿ, ಆ ಇಬ್ಬರು ತಾಯಂದಿರ ಮನೆಗೆ ಹೋಗಿ ಅದನ್ನೇ ಹೇಳಿ. ಇದ್ದಳಾದರೆ, ರಜೆ ಕೊಡಿ. ಹೆರಿಗೆ ಪುಸ್ತಕದ ಆ ಪುಟದ ನಕಲನ್ನು ಈ ಪತ್ರದ ಜೊತೆ ನಿಮಗೆ ಕಳಿಸಿದ್ದೇನೆ.

ಒಂದು ತಪ್ಪು ನನ್ನದೂ ಇದೆ. ಎರಡು ಸಲ ಹೆತ್ತಾಗಲೂ ಪೂರ್ತಿ ಸಂಬಳದ ರಜೆಯಲ್ಲಿ ಬೆಚ್ಚಗೆ ಮಲಗಿದವಳು ನಾನು. ಇಷ್ಟು ವರ್ಷ ಬ್ರೇಕ್ ದಿನ ಈ ಹುಡುಗಿಯರನ್ನು ಕರೆದು ದುಡಿಸಿಕೊಂಡು, ಚಹಾ ಕುಡಿಸಿ, ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ಆ ಚಹಾ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಹಳೆಯ ಸೀರೆಯನ್ನು ಉದ್ದುದ್ದ ಹರಿದು ಪಟ್ಟಿ ಮಾಡುತ್ತಿದ್ದಳು. ಮಗುವಿಗೆ ಇರಬಹುದೆಂದುಕೊಂಡು ಕೇಳಿದೆ.

"ಎದಿಗಿ ಕಟ್ಟಿಕೊಳ್ಳಾಕ್ರಿ. ಸೋಮವಾರ ಡ್ಯೂಟಿಯೊಳಗ ಹಾಲು ಸೋರಿದ್ರ ಎಲ್ಲಾರೂ ನೋಡ್ತಾರಲ್ರಿ. ಕೂಸಿಗಿ ಅತ್ತಿ ಡಬ್ಬಿ ಹಾಲು ಕುಡಸ್ತಾರ."

"ಪೇಪರಿಗೆ ಬರೀತೀನವ್ವಾ."

"ಬ್ಯಾಡ್ರಿ ಅಕ್ಕೋರೆ, ನಿಮ್ಮ ಕಾಲಿಗಿ ಬೀಳ್ತೀನಿ. ಮುಂದಿನ ವರ್ಷದ ಪಟ್ಟಿಯೊಳಗಿಂದ ಹೆಸರ ತೆಗೀತಾರ."

ಅವಳ ಮಾತು ಮೀರಿ ಬರೆಯುತ್ತಿದ್ದೇನೆ. ಅವಳ ಹೆಸರಿಗೆ ಏನಾದರೂ ಆದರೆ ಯಾಕೆಂದು ಈ ಪತ್ರಿಕೆ ಓದಿದವರಿಗೆಲ್ಲ ಗೊತ್ತಿರುತ್ತದೆ.

ಶನಿವಾರದೊಳಗೆ ಅವಳ ಹೊಸ ಆದೇಶವನ್ನೂ ಇಪ್ಪತ್ತಾರು ವಾರದ ರಜೆಯ ಮಂಜೂರಾತಿಯನ್ನೂ ಕಳಿಸಿ. ಬರಲಿಲ್ಲವೆಂದರೆ, ಸೋಮವಾರ ಎದೆ ಬಿಗಿದುಕೊಂಡು ಬರುವವಳನ್ನು ನಾನು ಬಾಗಿಲಲ್ಲೇ ತಡೆಯುತ್ತೇನೆ. ಆ ಪಟ್ಟಿಗಳನ್ನು ಬಿಚ್ಚಿಸಿ, ಕೂಸಿನ ಹತ್ತಿರ ವಾಪಸು ಕಳಿಸುತ್ತೇನೆ. ಡ್ಯೂಟಿ ಚಾರ್ಟಿನಲ್ಲಿ ಅವಳ ಹೆಸರಿನ ಮುಂದೆ 'ಹೆರಿಗೆ ರಜೆ' ಎಂದು ಬರೆದು ನಾನೇ ಸಹಿ ಹಾಕುತ್ತೇನೆ. ಅದನ್ನು ಹೊಡೆದುಹಾಕಬೇಕೆನಿಸಿದರೆ ನೀವೇ ಬನ್ನಿ, ಯಾರನ್ನೂ ಕಳಿಸಬೇಡಿ.

ಇಂತಿ, ರಜೆ ಮಂಜೂರು ಮಾಡುವ ಅಧಿಕಾರವೇ ಇಲ್ಲದ,
ರೂತಮ್ಮ
ಹೆರಿಗೆ ವಾರ್ಡ್